ದೇಗುವಿನ ಕ್ಯಾಂಪಸ್, ಹೇಇನ್ಸಾದ ಮರದ ಅಚ್ಚುಗಳು

ಕೊರಿಯಾದಲ್ಲಿ ಓದುತ್ತಿದ್ದೇನೆ ಅಂದ ಕೂಡಲೇ ಊರಿನವರು ಸೋಲ್ ಬಗ್ಗೆ ಕೇಳುತ್ತಾರೆ. ನಾನಿರುವುದು ದೇಗುವಿನಲ್ಲಿ. ಕೊರಿಯಾದ ಆಗ್ನೇಯ ಭಾಗದ ದೊಡ್ಡ ಊರು ಇದು. ಸುತ್ತ ಬೆಟ್ಟ, ನಡುವಿನ ತಗ್ಗಿನಲ್ಲಿ ಊರು. ಬೇಸಿಗೆಯ ಸೆಕೆಗೆ ಇಡೀ ದೇಶದಲ್ಲೇ ಹೆಸರುವಾಸಿ. ಚಳಿಗಾಲದಲ್ಲಿ ಕೈಬೆರಳು ಮರಗಟ್ಟುತ್ತವೆ. ಧಾರಾವಾಹಿಗಳಲ್ಲಿ ಕಾಣುವ ಕೊರಿಯಾ ಇಲ್ಲಿ ಕಡಿಮೆ. ಆದರೆ ಇಲ್ಲಿಂದ ಒಂದೆರಡು ಗಂಟೆ ಬಸ್ಸಿನಲ್ಲಿ ಕೂತರೆ ಹಳೆಯ ರಾಜಧಾನಿ ಗ್ಯೊಂಗ್ಜು, ಹೇಇನ್ಸಾ ಅನ್ನುವ ಬೌದ್ಧ ಮಠ, ಆಂದೊಂಗ್ ಊರು ಎಲ್ಲ ಸಿಗುತ್ತವೆ. ಸೋಲ್‌ನಲ್ಲಿ ಸೀಟು ಸಿಗಲಿಲ್ಲ ಅಂತ ಬೇಜಾರು ಮಾಡಿಕೊಂಡೇ ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಇದನ್ನು ಬರೆಯುತ್ತಿರುವುದು ಅವರಿಗೋಸ್ಕರ.

ನಾನು ಹಾಸನದ ಕಡೆಯವಳು. 2023ರ ಫೆಬ್ರವರಿ ಕೊನೆಯಲ್ಲಿ ಇಲ್ಲಿಗೆ ಬಂದೆ. ಇಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ಎರಡನೇ ಸೆಮಿಸ್ಟರ್ ಸೆಪ್ಟೆಂಬರ್‌ನಲ್ಲಿ. ಬ್ಯಾಟರಿಗೆ ಬೇಕಾದ ವಸ್ತುಗಳ ಮೇಲೆ ಕೆಲಸ ಮಾಡುವ ಲ್ಯಾಬ್ ನನ್ನದು. ಮಾಸ್ಟರ್ಸ್ ಮತ್ತು ಪಿಎಚ್‌ಡಿ ಒಟ್ಟಿಗೇ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಓದಲು ಬರುವವರಿಗೆ ಡಿ-2 ವೀಸಾ. ಭಾರತದಿಂದ ಹೋಗುವವರು ಕ್ಷಯರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಕೊಡಬೇಕು, ಅದನ್ನು ರಾಯಭಾರ ಕಚೇರಿ ಗೊತ್ತುಮಾಡಿದ ಆಸ್ಪತ್ರೆಯಲ್ಲೇ ಮಾಡಿಸಬೇಕು. ಬಂದ 90 ದಿನದೊಳಗೆ ವಿದೇಶಿಯರ ನೋಂದಣಿ ಕಾರ್ಡಿಗೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಬರಬೇಕು. ಮಾರ್ಚ್‌ನಲ್ಲಿ ಎಲ್ಲ ಯೂನಿವರ್ಸಿಟಿಗಳ ಹೊಸಬರೂ ಒಟ್ಟಿಗೆ ಮುಗಿಬೀಳುತ್ತಾರೆ. ಹಾಗಾಗಿ ಬಂದ ದಿನವೇ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸುವುದು ಒಳ್ಳೆಯದು. ಈ ಕಾರ್ಡ್ ಕೈಗೆ ಬರುವವರೆಗೆ ನಮ್ಮ ಹೆಸರಿನಲ್ಲಿ ಮೊಬೈಲ್ ಪ್ಲಾನ್ ತಗೊಳ್ಳುವುದು ಕಷ್ಟ. ಮೊಬೈಲ್ ಇಲ್ಲದೆ ಆನ್‌ಲೈನ್‌ನಲ್ಲಿ ಟಿಕೆಟ್ಟು, ಊಟ, ಸಾಮಾನು ಏನೂ ಸುಲಭವಾಗಿ ಸಿಗುವುದಿಲ್ಲ, ಯಾಕೆಂದರೆ ಎಲ್ಲ ಕಡೆ ಗುರುತು ಖಾತ್ರಿ ಮಾಡುವುದು ಆ ನಂಬರಿನಿಂದಲೇ. 2021ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳೂ ಸರ್ಕಾರಿ ಆರೋಗ್ಯ ವಿಮೆಗೆ ಸೇರಲೇಬೇಕು. ತಿಂಗಳು ತಿಂಗಳು ಕಟ್ಟುವಾಗ ಭಾರ ಅನ್ನಿಸುತ್ತೆ. ಹಲ್ಲುನೋವಿಗೋ ಜ್ವರಕ್ಕೋ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಆ ಮಾತು ಯಾರೂ ಆಡುವುದಿಲ್ಲ.

ಬರುವ ಮೊದಲು ಒಂದು ಕೆಲಸ ಮಾತ್ರ ಮನೆಯಲ್ಲೇ ಮುಗಿಸಿಕೊಳ್ಳಿ. ಹಂಗುಲ್ ಓದಲು ಕಲಿಯಿರಿ. ಸೇಜೊಂಗ್ ರಾಜ 1446ರಲ್ಲಿ ಪ್ರಕಟಿಸಿದ ಲಿಪಿ ಅದು. ಮೂಲ ಅಕ್ಷರಗಳು 24, ಅಂದರೆ 14 ವ್ಯಂಜನ, 10 ಸ್ವರ. ವ್ಯಂಜನಕ್ಕೆ ಸ್ವರ ಕೂಡಿಸಿ ಅಕ್ಷರ ಕಟ್ಟುತ್ತಾರೆ. ಕಾಗುಣಿತ ತಿದ್ದಿದ ಕೈಗೆ ಇದು ಒಂದು ವಾರದ ಕೆಲಸ. ಅರ್ಥ ಆಮೇಲೆ ಬರುತ್ತೆ. ಬಸ್ಸಿನ ಬೋರ್ಡು, ಕ್ಯಾಂಟೀನಿನ ಮೆನು, ಔಷಧಿ ಅಂಗಡಿಯ ಹೆಸರು ಓದಲು ಬಂದರೆ ಅರ್ಧ ಧೈರ್ಯ ಬಂದಂತೆ.

ಸೆಮಿಸ್ಟರ್ ಶುರುವಾಗುವ ಮುಂಚೆ ಕೋರ್ಸು ಹಿಡಿಯುವ ಗಲಾಟೆ ಇದೆ. ಮೊದಲು ಕ್ಲಿಕ್ ಮಾಡಿದವರಿಗೆ ಸೀಟು. ಪದವಿ ಓದುವ ಹುಡುಗರು ಆ ಬೆಳಿಗ್ಗೆ ಪಿಸಿ ಬಾಂಗ್ ಅನ್ನುವ ಕಂಪ್ಯೂಟರ್ ಗೇಮ್ ಅಂಗಡಿಗಳಿಗೆ ಓಡುತ್ತಾರೆ. ಅಲ್ಲಿ ಇಂಟರ್ನೆಟ್ ಜೋರಾಗಿರುತ್ತೆ ಅಂತ. ಸರ್ವರಿನ ಗಡಿಯಾರವನ್ನು ಸೆಕೆಂಡಿನ ಲೆಕ್ಕದಲ್ಲಿ ತೋರಿಸುವ ವೆಬ್‌ಸೈಟ್ ತೆರೆದಿಟ್ಟುಕೊಂಡು ಕಾಯುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಜನಪ್ರಿಯ ತರಗತಿಗಳು ಭರ್ತಿ. ನಮ್ಮಂಥ ಲ್ಯಾಬಿನವರಿಗೆ ಅಷ್ಟು ಪೈಪೋಟಿ ಇಲ್ಲ. ಆದರೂ ಇಂಗ್ಲಿಷಿನಲ್ಲಿ ಪಾಠ ನಡೆಯುವ ಕೋರ್ಸುಗಳು ಕಡಿಮೆ ಇರುವುದರಿಂದ ಆ ದಿನ ನಿದ್ದೆಗೆಟ್ಟು ಏಳಲೇಬೇಕು.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ನಾನು ಸಸ್ಯಾಹಾರಿ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಕ್ಯಾಂಪಸ್ ಕ್ಯಾಂಟೀನಿನಲ್ಲಿ ಬಾಗಿಲ ಹತ್ತಿರ ಯಂತ್ರ ಇರುತ್ತೆ. ಬೇಕಾದ ಊಟ ಒತ್ತಿ, ಕಾರ್ಡ್ ತೋರಿಸಿ, ಚೀಟಿ ತಗೊಂಡು ಸಾಲಿನಲ್ಲಿ ನಿಲ್ಲಬೇಕು. ಸ್ಟೀಲ್ ತಟ್ಟೆ, ಸ್ಟೀಲ್ ಚಮಚ, ಚಪ್ಪಟೆಯಾದ ಸ್ಟೀಲ್ ಕಡ್ಡಿಗಳು. ಅನ್ನ, ಕಿಮ್ಚಿ ಅನ್ನುವ ಎಲೆಕೋಸಿನ ಖಾರದ ಉಪ್ಪಿನಕಾಯಿ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ತಿಂದ ತಟ್ಟೆ ನಾವೇ ತಗೊಂಡು ಹೋಗಿ ಉಳಿದದ್ದನ್ನು ಒಂದು ಕಡೆ, ಚಮಚ ಒಂದು ಕಡೆ ಹಾಕಬೇಕು. 2023ರಲ್ಲಿ ಸರ್ಕಾರದ ನೆರವಿನ ಸಾವಿರ ವನ್ ಬೆಳಗಿನ ಊಟದ ಯೋಜನೆ ಬಹಳ ಯೂನಿವರ್ಸಿಟಿಗಳಿಗೆ ಹರಡಿತು. ಸಾವಿರ ವನ್ ಅಂದರೆ ಆಗ ನಮ್ಮ ಅರವತ್ತು ರೂಪಾಯಿ ಚಿಲ್ಲರೆ. ಬೆಳಿಗ್ಗೆ ಬಿಸಿ ಅನ್ನ, ಸಾರು ಸಿಗುವುದು ಹಾಸ್ಟೆಲಿನ ಮಕ್ಕಳಿಗೆ ದೊಡ್ಡ ಸಹಾಯ.

ಸಾರು ಅಂದೆ ಅಲ್ವಾ, ಕಷ್ಟ ಇರುವುದು ಅಲ್ಲೇ. ನೋಡಲು ಬರೀ ಸೊಪ್ಪು, ಮೂಲಂಗಿ. ಅದರ ನೀರು ಮಾತ್ರ ಒಣ ಮೀನು ಕುದಿಸಿದ್ದು. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನದ್ದೋ ಸಿಗಡಿಯದ್ದೋ ಉಪ್ಪುನೀರು ಬಿದ್ದಿರುತ್ತೆ. ಮಾಂಸ ಇಲ್ಲ ಅಂದರೆ ಸಸ್ಯಾಹಾರ ಅಂತಲೇ ಇಲ್ಲಿ ಬಹಳ ಜನ ತಿಳಿದಿದ್ದಾರೆ. ‘ಗೋಗಿ ಪ್ಪೆ ಜುಸೆಯೋ’, ಮಾಂಸ ಬಿಟ್ಟು ಕೊಡಿ, ಅನ್ನುವುದನ್ನು ಬಾಯಿಪಾಠ ಮಾಡಿದರೂ ಸಾಲದು. ಮೊಟ್ಟೆ, ಮೀನು, ಮೀನಿನ ರಸ ಎಲ್ಲ ಬಿಡಿಸಿ ಹೇಳಬೇಕು. ಬಿಬಿಂಬಾಪ್ ನನ್ನನ್ನು ಕಾಪಾಡಿತು. ಅನ್ನದ ಮೇಲೆ ಬೇಯಿಸಿದ ಪಾಲಕ್, ಕ್ಯಾರೆಟ್, ಸೋಯಾ ಮೊಳಕೆ, ಅಣಬೆ, ಮೇಲೊಂದಿಷ್ಟು ಎಳ್ಳೆಣ್ಣೆ. ಕೆಂಪು ಮೆಣಸಿನ ಗೊಚುಜಾಂಗ್‌ನಲ್ಲಿ ಕೆಲವೊಮ್ಮೆ ಮಾಂಸ ಹುರಿದು ಹಾಕಿರುತ್ತಾರೆ, ಅದನ್ನೂ ಕೇಳಿಕೊಳ್ಳಬೇಕು.

ಲ್ಯಾಬಿನವರು ಹನ್ನೆರಡಕ್ಕೆ ಮುಂಚೆಯೇ ಒಟ್ಟಿಗೆ ಎದ್ದು ಊಟಕ್ಕೆ ಹೋಗುತ್ತಾರೆ. ಒಬ್ಬರೇ ಕೂತು ತಿನ್ನುವುದನ್ನು ಕಂಡರೆ ಅವರಿಗೆ ಏನೋ ಸಂಕಟ. ತಿಂಗಳಿಗೊಮ್ಮೆ ಪ್ರೊಫೆಸರ್ ಜೊತೆ ರಾತ್ರಿ ಊಟ ಇರುತ್ತೆ, ಮೇಜಿನ ನಡುವೆ ಕಾವಲಿ ಇಟ್ಟು ಹಂದಿಮಾಂಸ ಸುಡುವ ಜಾಗದಲ್ಲಿ. ಮೊದಲ ಸಲ ಹೋದಾಗ ನಾನು ಏನು ತಿನ್ನುವುದು ಅಂತ ಯೋಚನೆಯಲ್ಲಿದ್ದೆ. ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಅಂಗಡಿಯ ಯಜಮಾನಿಯನ್ನು ಕರೆದು ಏನೋ ಹೇಳಿದಳು. ಅವರು ಒಳಗಿಂದ ಇನ್ನೊಂದು ಪುಟ್ಟ ಒಲೆ, ಹೊಸ ಕಾವಲಿ ತಂದು ನನ್ನ ಮುಂದೆ ಇಟ್ಟರು. ಅಕ್ಕ ತಾನೇ ಕತ್ತರಿ ಹಿಡಿದು ದೊಡ್ಡ ಅಣಬೆಗಳನ್ನು ಕತ್ತರಿಸಿ ಸುಟ್ಟಳು. ಅದನ್ನು ಬಿಸಿ ಅನ್ನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜೊತೆ ಎಲೆಕೋಸಿನಂಥ ಹಸಿರು ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕುಡಿಯಲು ಎಲ್ಲರಿಗೂ ಸೊಜು ಅನ್ನುವ ಇಲ್ಲಿನ ಮದ್ಯ, ನನಗೆ ಸಿಹಿ ಸೋಡಾ. ದೊಡ್ಡವರು ಸುರಿಯುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು ಅಂತ ಅವತ್ತೇ ಕಲಿತೆ. ಅವತ್ತಿನಿಂದ ಆ ಕಾವಲಿ ಕೇಳುವುದು ಲ್ಯಾಬಿನ ಕಿರಿಯರ ಜವಾಬ್ದಾರಿಯೇ ಆಗಿಹೋಗಿದೆ.

ಇಲ್ಲಿ ಯಾರೇ ಪರಿಚಯವಾದರೂ ಮೊದಲು ವಯಸ್ಸು ಕೇಳುತ್ತಾರೆ. ಅದು ಗೊತ್ತಾಗದೆ ಹೇಗೆ ಮಾತಾಡಿಸಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ನಾನು ಬಂದ ವರ್ಷವೇ, ಜೂನ್ 28ರಿಂದ, ಕಾನೂನಿನಲ್ಲಿ ವಯಸ್ಸಿನ ಲೆಕ್ಕ ಬದಲಾಯಿತು. ಅಲ್ಲಿಯವರೆಗೆ ಜನರ ರೂಢಿಯಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷ, ಜನವರಿ ಒಂದಕ್ಕೆ ಇನ್ನೊಂದು. ಬದಲಾದ ದಿನ ಲ್ಯಾಬಿನಲ್ಲಿ ಎಲ್ಲರೂ ಒಂದೆರಡು ವರ್ಷ ಚಿಕ್ಕವರಾದರು. ಸೀನಿಯರ್ ಜೂನಿಯರ್ ಸಾಲು ಮಾತ್ರ ಅಲುಗಾಡಲಿಲ್ಲ.

ಹಾಸ್ಟೆಲಿನ ರೂಮು ಚಿಕ್ಕದು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ನೆಲದ ಕೆಳಗೆ ಬಿಸಿನೀರಿನ ಕೊಳವೆ ಹರಿಯುವುದರಿಂದ ಚಳಿಗಾಲದಲ್ಲಿ ನೆಲದ ಮೇಲೆ ಮಲಗುವುದೇ ಸುಖ. ಕಸ ಬೇರೆ ಮಾಡುವುದನ್ನು ಬಹಳ ಗಂಭೀರವಾಗಿ ತಗೊಳ್ಳಬೇಕು. ಆಹಾರದ್ದು, ಕಾಗದ, ಪ್ಲಾಸ್ಟಿಕ್, ಡಬ್ಬಿ, ಗಾಜು ಎಲ್ಲ ಬೇರೆ ಬೇರೆ. ಉಳಿದದ್ದಕ್ಕೆ ದುಡ್ಡು ಕೊಟ್ಟು ಕೊಂಡ ಚೀಲವೇ ಆಗಬೇಕು. 1995ರಿಂದ ದೇಶದ ತುಂಬ ಈ ಪದ್ಧತಿ ಇದೆ.

ಚೆರ್ರಿ ಹೂವು ಅರಳಿ ಉದುರುವ ಹೊತ್ತಿಗೆ ಮಿಡ್‌ಟರ್ಮ್ ಬರುತ್ತೆ. ಆಗ ಲೈಬ್ರರಿಯಲ್ಲಿ ನಡುರಾತ್ರಿಯೂ ಜಾಗ ಇರುವುದಿಲ್ಲ, ಸೀಟನ್ನು ಫೋನಿನಲ್ಲೇ ಕಾಯ್ದಿರಿಸಬೇಕು. ವಿದ್ಯಾರ್ಥಿ ಸಂಘದವರು ಬಾಗಿಲಲ್ಲಿ ನಿಂತು ಬ್ರೆಡ್ಡು, ಹಾಲು, ಕಾಫಿ ಹಂಚುತ್ತಾರೆ. ಲ್ಯಾಪ್‌ಟಾಪು, ಪರ್ಸು ಮೇಜಿನ ಮೇಲೇ ಬಿಟ್ಟು ಊಟಕ್ಕೆ ಎದ್ದು ಹೋಗುವುದನ್ನು ನೋಡಿ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಯಾರೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಕ್ಯಾಂಪಸ್ ಹಬ್ಬ. ಹಗಲಿಡೀ ಅಂಗಡಿ, ಆಟ. ರಾತ್ರಿ ಮೈದಾನದಲ್ಲಿ ಹೆಸರಾಂತ ಗಾಯಕರನ್ನೇ ಕರೆಸಿ ಹಾಡಿಸುತ್ತಾರೆ. ಮೇ 15 ಶಿಕ್ಷಕರ ದಿನ, ಪ್ರೊಫೆಸರರಿಗೆ ಕಾರ್ನೇಷನ್ ಹೂವು.

ಜೂನ್ ಮಧ್ಯದಲ್ಲಿ ಪರೀಕ್ಷೆ ಮುಗಿದು ಮಳೆ ಹಿಡಿಯುತ್ತೆ. ಜುಲೈನ ಮಳೆಯಲ್ಲಿ ನಾನು ಹೇಇನ್ಸಾಗೆ ಹೋದೆ. ದೇಗುವಿನ ಪಶ್ಚಿಮದ ಬಸ್ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆ. ಗಾಯಾ ಬೆಟ್ಟದ ಕಾಡಿನೊಳಗೆ, ತೊರೆಯ ಪಕ್ಕದಲ್ಲಿ ಬಸ್ಸು ಏರುತ್ತೆ. 802ರಲ್ಲಿ ಕಟ್ಟಿದ ಬೌದ್ಧ ಮಠ. ಕೊರಿಯಾದ ಹಲವು ಮಠಗಳಲ್ಲಿ ಒಂದು ರಾತ್ರಿ ಉಳಿದು ಅಲ್ಲಿನ ದಿನಚರಿ ನಡೆಸಲು ಅವಕಾಶ ಇದೆ. 2002ರ ಫುಟ್‌ಬಾಲ್ ವಿಶ್ವಕಪ್ಪಿಗೆ ಬಂದ ವಿದೇಶಿಯರಿಗಾಗಿ ಶುರುವಾದದ್ದು ಹಾಗೇ ಮುಂದುವರಿದಿದೆ. ಬೂದು ಬಣ್ಣದ ಸಡಿಲ ಬಟ್ಟೆ ಕೊಟ್ಟರು. ಸಂಜೆ ಯುವ ಭಿಕ್ಷುಗಳು ಸರದಿಯ ಮೇಲೆ ದೊಡ್ಡ ನಗಾರಿ ಬಾರಿಸಿದರು. ಒಬ್ಬರ ಕೈ ಸೋಲುವ ಮೊದಲೇ ಇನ್ನೊಬ್ಬರು ಪಕ್ಕದಿಂದ ಬಂದು ಲಯ ತಪ್ಪದಂತೆ ಕೋಲು ಮುಂದುವರಿಸುತ್ತಾರೆ. ಆಮೇಲೆ ಮರದ ಮೀನು, ಮೋಡದಾಕಾರದ ಕಂಚಿನ ತಟ್ಟೆ, ಕೊನೆಗೆ ದೊಡ್ಡ ಗಂಟೆ.

ರಾತ್ರಿ ಊಟಕ್ಕೆ ಕೂತಾಗ ಏನನ್ನೂ ಕೇಳಬೇಕಾಗಿರಲಿಲ್ಲ. ಮಠದ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕಿಮ್ಚಿಯೂ ಹಾಗೇ ಮಾಡಿದ್ದು. ಕೊರಿಯಾಕ್ಕೆ ಬಂದ ಮೇಲೆ ಬಡಿಸಿದ್ದನ್ನೆಲ್ಲ ಅನುಮಾನವಿಲ್ಲದೆ ತಿಂದ ಮೊದಲ ಊಟ ಅದು. ಬೆಟ್ಟದ ಸೊಪ್ಪು, ಕಮಲದ ಬೇರು, ಸೋಯಾ ಸಾರು, ಹುರಿದ ಕಡಲಕಳೆ. ಹಾಕಿಸಿಕೊಂಡದ್ದನ್ನು ಒಂದು ಅಗುಳೂ ಬಿಡಬಾರದು ಅನ್ನುವುದು ನಿಯಮ. ಎರಡು ಸಲ ಹಾಕಿಸಿಕೊಂಡು ಖಾಲಿ ಮಾಡಿದೆ. ನಮ್ಮವರು ಕೊರಿಯಾದ ಊಟ ತಮಗಲ್ಲ ಅಂತ ತೀರ್ಮಾನಿಸುವ ಮೊದಲು ಒಂದು ಸಲ ಮಠದಲ್ಲಿ ಉಣ್ಣಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೇಇನ್ಸಾದ ನಿಜವಾದ ಸಂಪತ್ತು ಎಲ್ಲಕ್ಕಿಂತ ಮೇಲೆ, ಮಠದ ಹಿಂಭಾಗದಲ್ಲಿದೆ. 13ನೇ ಶತಮಾನದಲ್ಲಿ, ಮಂಗೋಲರು ಕೊರಿಯಾದ ಮೇಲೆ ದಾಳಿ ಮಾಡುತ್ತಿದ್ದಾಗ, ಬೌದ್ಧ ಗ್ರಂಥಗಳನ್ನೆಲ್ಲ ಅಚ್ಚು ಹಾಕಲು ಮರದ ಹಲಗೆಗಳ ಮೇಲೆ ಕೆತ್ತಿಸಿದರು. 80 ಸಾವಿರಕ್ಕೂ ಹೆಚ್ಚು ಹಲಗೆ, ಎರಡೂ ಬದಿಯಲ್ಲಿ ಅಕ್ಷರ. ಅವನ್ನು ಇಟ್ಟಿರುವ ಉದ್ದನೆಯ ಮರದ ಕಟ್ಟಡಗಳು 15ನೇ ಶತಮಾನದವು. ಗಾಜಿಲ್ಲ, ಯಂತ್ರ ಇಲ್ಲ. ಬರೀ ಕಂಬಿ ಕಿಟಕಿಗಳು. ಆ ಕಂಬಿಗಳ ಸಂದಿಯಿಂದಲೇ ಒಳಗಿನ ಸಾಲುಗಳನ್ನು ನೋಡಿದೆ. ಕಪ್ಪಗೆ, ಒತ್ತೊತ್ತಾಗಿ, ಛಾವಣಿಯ ಹತ್ತಿರದವರೆಗೂ ಹಲಗೆಗಳು.

ಕಿಟಕಿಗಳನ್ನು ಗಮನಿಸಿ ಅಂತ ನಮ್ಮ ಜೊತೆ ಬಂದ ಮಾರ್ಗದರ್ಶಿ ಹೇಳಿದರು. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂದಿನ ಗೋಡೆಯಲ್ಲಿ ಉಲ್ಟಾ, ಮೇಲಿನದು ದೊಡ್ಡದು. ಕೆಳಗಿಂದ ನುಗ್ಗಿದ ಗಾಳಿ ಒಳಗೆಲ್ಲ ಸುತ್ತಾಡಿ ಮೇಲಿನಿಂದ ಹೊರಗೆ ಹೋಗುತ್ತೆ. ಮಣ್ಣಿನ ನೆಲದ ಕೆಳಗೆ ಇದ್ದಿಲು, ಸುಣ್ಣ, ಉಪ್ಪು ಹಾಕಿದ್ದಾರೆ. ಮಳೆಗಾಲದ ತೇವ ಅದು ಹೀರುತ್ತೆ, ಒಣಗಾಲದಲ್ಲಿ ಬಿಡುತ್ತೆ. ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಲ್ಯಾಬಿನಲ್ಲಿ ನನ್ನ ದಿನದ ಅರ್ಧ ಕೆಲಸ ತೇವವನ್ನು ಹೊರಗಿಡುವುದೇ. ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ದಪ್ಪ ರಬ್ಬರ್ ಗ್ಲೌಸ್ ತೂರಿಸಿ ಬ್ಯಾಟರಿಯ ಪುಡಿ ತೂಗುತ್ತೇವೆ. ತೇವ ಸ್ವಲ್ಪ ಏರಿದರೂ ಅಲಾರಂ ಹೊಡೆಯುತ್ತೆ, ವಾರದ ಕೆಲಸ ಹಾಳು. ಇಲ್ಲಿ ಹೊರಗೆ ಧಾರಾಕಾರ ಮಳೆ. ಒಳಗೆ ಆರು ಶತಮಾನಗಳಿಂದ ಮರದ ಹಲಗೆಗಳು ಕೊಳೆಯದೆ, ಸೊಟ್ಟಗಾಗದೆ ಕೂತಿವೆ. ಕಿಟಕಿಯ ಅಳತೆ ಬದಲಿಸಿ ಈ ಕೆಲಸ ಸಾಧಿಸಿದ ಬಡಗಿಗಳ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಅವು ಉಳಿದುಕೊಂಡದ್ದಕ್ಕೆ ಇನ್ನೊಬ್ಬರಿಗೂ ನಮಸ್ಕಾರ ಹೇಳಬೇಕು. 1951ರಲ್ಲಿ, ಕೊರಿಯಾ ಯುದ್ಧದ ಸಮಯದಲ್ಲಿ, ಈ ಕಡೆ ಅಡಗಿದ್ದ ಗೆರಿಲ್ಲಾಗಳ ಮೇಲೆ ಬಾಂಬ್ ಹಾಕಲು ಆದೇಶ ಬಂತು. ವಿಮಾನಗಳ ತಂಡದ ನಾಯಕ ಕಿಮ್ ಯೊಂಗ್-ಹ್ವಾನ್ ಹೇಇನ್ಸಾದ ಮೇಲೆ ಬಾಂಬ್ ಹಾಕಲು ಒಪ್ಪಲಿಲ್ಲ. ಯುದ್ಧದ ನಡುವೆ ಆದೇಶ ಮೀರುವುದು ಸಣ್ಣ ಮಾತಲ್ಲ.

ಸೆಪ್ಟೆಂಬರ್ ಕೊನೆಗೆ ಚುಸೊಕ್ ಹಬ್ಬ. ಇಡೀ ಕ್ಯಾಂಪಸ್ ಖಾಲಿ. ಕ್ಯಾಂಟೀನೂ ಮುಚ್ಚಿತ್ತು. ಸೀನಿಯರ್ ಅಕ್ಕ ನನ್ನನ್ನು ಆಂದೊಂಗ್ ಹತ್ತಿರದ ತನ್ನ ಅಜ್ಜಿಯ ಊರಿಗೆ ಕರೆದುಕೊಂಡು ಹೋದಳು. ಚುಸೊಕ್ ಬರುವುದು ಎಂಟನೇ ಚಾಂದ್ರಮಾಸದ ಹುಣ್ಣಿಮೆಗೆ. ಆ ವರ್ಷ ಅದು ನಮ್ಮ ಭಾದ್ರಪದದ ಹುಣ್ಣಿಮೆಯ ದಿನವೇ, ಅಂದರೆ ಪಿತೃಪಕ್ಷದ ಹೊಸ್ತಿಲಲ್ಲಿ. ಇವರೂ ಮಾಡುವುದು ಹಿರಿಯರ ಪೂಜೆಯೇ. ಬೆಳಿಗ್ಗೆ ಎತ್ತರದ ಮೇಜಿನ ಮೇಲೆ ಹೊಸ ಅಕ್ಕಿಯ ಅನ್ನ, ಸಾರು, ಹಣ್ಣುಗಳನ್ನು ಜೋಡಿಸಿದರು. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಎಲ್ಲರೂ ಅಡ್ಡಬಿದ್ದರು, ಆಮೇಲೆ ಅದನ್ನೇ ಮನೆಮಂದಿ ಹಂಚಿಕೊಂಡು ಉಂಡರು. ನಮ್ಮ ಮನೆಯಲ್ಲಿ ಎಡೆ ಇಟ್ಟ ಹಾಗೇ. ಹಿಂದಿನ ರಾತ್ರಿ ಅಜ್ಜಿಯ ಜೊತೆ ಕೂತು ಸೊಂಗ್‌ಪ್ಯೊನ್ ಮಾಡಿದ್ದೆವು. ಅಕ್ಕಿ ಹಿಟ್ಟಿನೊಳಗೆ ಎಳ್ಳು ಸಕ್ಕರೆಯ ಹೂರಣ ತುಂಬಿ, ಪೈನ್ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ. ಕಡುಬು ಕಟ್ಟಿ ಅಭ್ಯಾಸ ಇರುವ ನನ್ನ ಕೈ ನೋಡಿ ಅಜ್ಜಿಗೆ ಬಲು ಖುಷಿ. ‘ಚೆನ್ನಾಗಿ ಸೊಂಗ್‌ಪ್ಯೊನ್ ಮಾಡಿದವಳಿಗೆ ಚೆಂದದ ಮಗಳು ಹುಟ್ಟುತ್ತಾಳೆ ಅಂತಾರೆ ಕಣಮ್ಮ’ ಅಂದರು. ಆ ಕಡೆಯ ಮಾತಿನ ಒತ್ತು ನನಗೆ ಅರ್ಥವಾಗದೆ ಅಕ್ಕ ಬಿಡಿಸಿ ಹೇಳಿದಳು. ಮರುದಿನ ಹಾಹ್ವೆ ಹಳ್ಳಿ ನೋಡಿದೆವು. ನದಿ ಸುತ್ತಿಕೊಂಡು ಹರಿಯುವ ಹಳೆಯ ಹಳ್ಳಿ, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಹುಲ್ಲಿನ ಮಾಡು, ಹೆಂಚಿನ ಮಾಡು ಅಕ್ಕಪಕ್ಕ. ಜನ ಈಗಲೂ ಅಲ್ಲೇ ವಾಸ ಮಾಡುತ್ತಾರೆ.

ನವೆಂಬರ್‌ನಲ್ಲಿ ಇನ್ನೊಂದು ಕೊರಿಯಾ ಕಂಡಿತು. ಯೂನಿವರ್ಸಿಟಿ ಪ್ರವೇಶ ಪರೀಕ್ಷೆ ಒಂದೇ ದಿನ ನಡೆಯುತ್ತೆ. ಇಂಗ್ಲಿಷ್ ಕೇಳಿ ಬರೆಯುವ ಪರೀಕ್ಷೆಯ ಹೊತ್ತಿನಲ್ಲಿ ದೇಶದಲ್ಲಿ ವಿಮಾನ ಹಾರುವುದು, ಇಳಿಯುವುದು ನಿಲ್ಲಿಸುತ್ತಾರೆ. ತಡವಾದ ಮಕ್ಕಳನ್ನು ಪೊಲೀಸರೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಾರೆ. ಆ ಪರೀಕ್ಷೆಗೆ ಮುಂಚಿನ ವಾರ ಲ್ಯಾಬಿನ ಹುಡುಗನೊಬ್ಬ ತಂಗಿಗಾಗಿ ಗಟ್‌ಬಾವಿಗೆ ಹೊರಟ. ನಾನೂ ಹೋದೆ. ದೇಗುವಿನ ಉತ್ತರಕ್ಕಿರುವ ಪಲ್‌ಗೊಂಗ್ ಬೆಟ್ಟದ ಮೇಲೆ, ಸುಮಾರು 850 ಮೀಟರ್ ಎತ್ತರದಲ್ಲಿ, ಹಳೆಯ ಸಿಲ್ಲಾ ರಾಜ್ಯದ ಕಾಲದ ಕಲ್ಲಿನ ಬುದ್ಧ. ತಲೆಯ ಮೇಲೆ ಚಪ್ಪಟೆ ಕಲ್ಲು, ಟೋಪಿ ಇಟ್ಟ ಹಾಗೆ. ಮನಸ್ಸಿಟ್ಟು ಕೇಳಿದರೆ ಒಂದು ಕೋರಿಕೆ ನೆರವೇರಿಸುತ್ತಾನೆ ಅನ್ನುವ ನಂಬಿಕೆ. ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಂಗಳದ ತುಂಬ ತಾಯಂದಿರು. ಮಂಡಿಯ ಕೆಳಗೆ ಚಾಪೆ, ಪಕ್ಕದಲ್ಲಿ ಮಗಳದ್ದೋ ಮಗನದ್ದೋ ಫೋಟೋ. ಏಳುತ್ತಾರೆ, ಅಡ್ಡಬೀಳುತ್ತಾರೆ, ಜಪಮಣಿ ಒಂದು ಸರಿಸುತ್ತಾರೆ. 108 ಸಲ. ಚಳಿಯಲ್ಲೂ ಹಣೆಯ ಮೇಲೆ ಬೆವರು. ಒಬ್ಬ ಮಗುವಿನ ಹಿಂದೆ ಮನೆಯವರೆಲ್ಲ ಎಷ್ಟು ಭಾರ ಹೊತ್ತಿರುತ್ತಾರೆ ಅಂತ ಲೈಬ್ರರಿಯ ನಡುರಾತ್ರಿಗಳಿಗಿಂತ ಚೆನ್ನಾಗಿ ಅಲ್ಲಿ ಗೊತ್ತಾಯಿತು. ಇಷ್ಟು ಒತ್ತಡ ಮಕ್ಕಳಿಗೆ ಒಳ್ಳೆಯದಲ್ಲ ಅಂತಲೇ ನನ್ನ ಅಭಿಪ್ರಾಯ. ಲ್ಯಾಬಿನವರೂ ಹೌದು ಅನ್ನುತ್ತಾರೆ.

ಗ್ಯೊಂಗ್ಜುಗೆ ಯಾವ ವಾರಾಂತ್ಯದಲ್ಲಾದರೂ ಹೋಗಬಹುದು. ರೈಲು ನಿಲ್ದಾಣ ಊರಿನಿಂದ ದೂರ, ಬಸ್ಸೇ ವಾಸಿ. ದೇಗುವಿನಿಂದ ಒಂದು ಗಂಟೆಯೊಳಗೆ ಊರೊಳಗೇ ಇಳಿಸುತ್ತೆ. ಇದು ಸಿಲ್ಲಾ ರಾಜ್ಯದ ರಾಜಧಾನಿಯಾಗಿತ್ತು. ಮನೆ ಅಂಗಡಿಗಳ ನಡುವೆಯೇ ಹುಲ್ಲು ಬೆಳೆದ ಗುಡ್ಡದಂಥ ರಾಜರ ಸಮಾಧಿಗಳು. ಏಳನೇ ಶತಮಾನದಲ್ಲಿ ರಾಣಿ ಸೊಂದೊಕ್ ಕಾಲದಲ್ಲಿ ಕಟ್ಟಿದ ಚೊಮ್‌ಸೊಂಗ್‌ದೆ ಅನ್ನುವ ನಕ್ಷತ್ರ ನೋಡುವ ಗೋಪುರ ಹುಲ್ಲುಗಾವಲಿನ ನಡುವೆ ನಿಂತಿದೆ. ಬುಲ್‌ಗುಕ್ಸಾ ದೇವಾಲಯದಿಂದ ಕಾಡುದಾರಿಯಲ್ಲಿ ನಡೆದು ಹತ್ತಿದರೆ ಸೊಕ್ಕುರಾಮ್. ಎಂಟನೇ ಶತಮಾನದ ಗ್ರಾನೈಟ್ ಗುಹೆ, ಒಳಗೆ ಸಮುದ್ರದ ಕಡೆ ಮುಖ ಮಾಡಿ ಕೂತ ಬುದ್ಧ. ಬೇಲೂರು ಹಳೇಬೀಡಿನ ಮೆದು ಕಲ್ಲಿನ ಕುಸುರಿ ನೋಡಿ ಬೆಳೆದ ನನಗೆ ಗಟ್ಟಿ ಗ್ರಾನೈಟಿನಲ್ಲಿ ಆ ಭುಜದ ಇಳಿಜಾರು, ಆ ಬಟ್ಟೆಯ ತೆಳು ಮಡಿಕೆ ಹೇಗೆ ತಂದರೋ ಅನ್ನಿಸಿತು. ಈಗ ಗಾಜಿನ ಆಚೆಯಿಂದ ನೋಡಬೇಕು. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ.

ಮುಂದಿನ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರಿಗಾಗಿ ದಾರಿ ಹಾಕಿಟ್ಟಿದ್ದೇನೆ. ಸೋಲ್‌ಗೆ ಎರಡು ದಿನ ಸಾಕು. 1395ರಲ್ಲಿ ಕಟ್ಟಿದ ಗ್ಯೊಂಗ್‌ಬೊಕ್ ಅರಮನೆಗೆ ಮಂಗಳವಾರ ರಜೆ, ಅದನ್ನು ತಪ್ಪಿಸಿ ಹೋಗಬೇಕು. ಆಮೇಲೆ ಕೆಟಿಎಕ್ಸ್ ಅನ್ನುವ ವೇಗದ ರೈಲು ಹತ್ತಿ ಎರಡು ಗಂಟೆಯೊಳಗೆ ದೇಗು. ನನ್ನ ಲ್ಯಾಬ್, ಗ್ಯೊಂಗ್ಜು, ಅಪ್ಪನ ಮಂಡಿ ಒಪ್ಪಿದರೆ ಗಟ್‌ಬಾವಿ. ಹೇಇನ್ಸಾದಲ್ಲಿ ಒಂದು ರಾತ್ರಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಅಂದ ಮೇಲೆ ಅಮ್ಮನ ಚಿಂತೆ ಅರ್ಧ ಕಳೆದಿದೆ. ಸೀನಿಯರ್ ಅಕ್ಕನೂ ನಮ್ಮ ಜೊತೆ ಬರುತ್ತೇನೆ ಅಂದಿದ್ದಾಳೆ, ಅವಳ ಅಜ್ಜಿಗೆ ಅಮ್ಮ ಹಾಸನದಿಂದ ಕಾಫಿಪುಡಿ ತರುತ್ತಾರಂತೆ.